ಹಸಿರು ಮುಚ್ಚಳದ ಟ್ಯೂಬು

ಬದಿಯಡ್ಕದ ಲ್ಯಾಬಿನ ಹುಡುಗಿ ಹಸಿರು ಮುಚ್ಚಳದ ಟ್ಯೂಬು ಕೈಗೆತ್ತಿಕೊಂಡವಳು, ಮಾವನ ಚೀಟಿಯಲ್ಲಿ ಲಿಥಿಯಂ, ಅಂದರೆ ಮನಸ್ಸಿನ ಏರಿಳಿತಕ್ಕೆ ಅವರು ನುಂಗುವ ಮದ್ದಿನ, ರಕ್ತಪರೀಕ್ಷೆ ಎಂದಿರುವುದನ್ನು ನೋಡಿ ಅದನ್ನು ಬದಿಗಿಟ್ಟು ಕೆಂಪು ಮುಚ್ಚಳದ್ದನ್ನು ತೆಗೆದಳು.

"ಅದರೊಳಗೇ ರಕ್ತ ಹೆಪ್ಪುಗಟ್ಟದಂತೆ ಹಾಕುವ ಲಿಥಿಯಂ ಹೆಪಾರಿನ್ ಇದೆ. ನಿಮ್ಮ ಲಿಥಿಯಂ ಎಷ್ಟು, ಟ್ಯೂಬಿನದೆಷ್ಟು ಎಂದು ಗೊತ್ತಾಗುವುದಿಲ್ಲ ಅಣ್ಣ."

ಮಾವ ತಲೆಯಾಡಿಸಿದರು. ನನಗೆ ಮಾತ್ರ ಖುಷಿಯಾಯಿತು. ಎಂಥ ಕಣ್ಣು!

ಅವಳ ಮುಂದಿನ ಪ್ರಶ್ನೆ ತಿಂಡಿಯದ್ದಲ್ಲ. ರಾತ್ರಿಯ ಮಾತ್ರೆ ಎಷ್ಟು ಗಂಟೆಗೆ ನುಂಗಿದಿರಿ? ಎಂಟಕ್ಕೆ. ಈಗಲೂ ಎಂಟು. 12 ಗಂಟೆ ಸರಿಯಾಯಿತು. ನುಂಗಿದ ಒಂದೆರಡು ಗಂಟೆಯೊಳಗೆ ಅಳೆದರೆ ಮದ್ದು ಇನ್ನೂ ರಕ್ತಕ್ಕೆ ಏರುತ್ತಲೇ ಇರುತ್ತದೆ, ಅಂಕಿ ಸುಮ್ಮನೆ ಹೆದರಿಸುತ್ತದೆ.

ಸಾಮಾನ್ಯವಾಗಿ ಬೇಕಾದದ್ದು ಲೀಟರಿಗೆ 0.6ರಿಂದ 1.0 ಮಿಲಿಮೋಲ್. 1.5 ದಾಟಿದರೆ ನಡುಕ, ವಾಂತಿ, ಭೇದಿ. ಇಷ್ಟು ಇಕ್ಕಟ್ಟಿನ ಮದ್ದು ಇದು.

ಮೂತ್ರಪಿಂಡಕ್ಕೆ ಲಿಥಿಯಂ ಎಂದರೆ ಸೋಡಿಯಂನ ತಮ್ಮ. ಬೆವರಿ ನೀರು, ಉಪ್ಪು ಕಡಿಮೆಯಾದರೆ ಇದನ್ನೂ ಬಿಡದೆ ಹಿಡಿದಿಟ್ಟುಕೊಳ್ಳುತ್ತದೆ. ಏಪ್ರಿಲ್ ಸೆಕೆಯಲ್ಲಿ ಅಡಿಕೆ ತೋಟಕ್ಕೆ ಇಳಿಯುವವರಿಗೆ ಇದನ್ನು ಮೊದಲೇ ಹೇಳಬೇಡವೇ? ಸೊಂಟನೋವಿಗೆಂದು ತರುವ ಐಬುಪ್ರೊಫೆನ್ ಕೂಡ ಅಂಕಿ ಏರಿಸುತ್ತದೆ. ಮಾವನಂತೂ ಅದನ್ನು ಕಿಸೆಯಲ್ಲೇ ಇಟ್ಟುಕೊಂಡು ತಿರುಗುವವರು, ಕೇಳಿದವರಿಗೆಲ್ಲ ಒಂದೊಂದು ಕೊಡುವವರು ಬೇರೆ.