ಕೆಳದವಡೆಯ ಕಾಸ್ಟ್ ಪಾರ್ಷಿಯಲ್: ಲೋಹದ ಆಯ್ಕೆಯಿಂದ ಎರಡನೇ ಎರಕದವರೆಗೆ

ಕೇಸು: ಕೆಳದವಡೆಗೆ ಕಾಸ್ಟ್ ಪಾರ್ಷಿಯಲ್, ಅಂದರೆ ಎರಕದ ಲೋಹದ ಫ್ರೇಮ್ ಇರುವ, ತೆಗೆದು ಹಾಕಬಹುದಾದ ಕಟ್ಟುಹಲ್ಲು. ಕೆನಡಿ ಕ್ಲಾಸ್ 1, ಅಂದರೆ ಎರಡೂ ಬದಿಯ ಹಿಂದಿನ ಹಲ್ಲುಗಳಿಲ್ಲದ ಬಾಯಿ. ಮುಂದಿನ ಆರು ಹಲ್ಲು, ಎರಡೂ ಬದಿಯ ಮೊದಲ ಪ್ರಿಮೋಲಾರ್ (ಕೋರೆಹಲ್ಲಿನ ಹಿಂದಿನದು) ಉಳಿದಿವೆ. ಅದರ ಹಿಂದೆ ಏನೂ ಇಲ್ಲ. ಲಿಂಗ್ವಲ್ ಬಾರ್ (ನಾಲಿಗೆಯ ಕಡೆ ಎರಡೂ ಬದಿಯನ್ನು ಜೋಡಿಸುವ ಲೋಹದ ಪಟ್ಟಿ), ಪ್ರಿಮೋಲಾರ್‌ಗಳ ಮೇಲೆ ರೆಸ್ಟ್ (ಹಲ್ಲಿನ ಮೇಲೆ ಕೂರುವ ಆಸರೆ) ಮತ್ತು ಐ-ಬಾರ್ (ಹಲ್ಲನ್ನು ಹಿಡಿಯುವ ಕ್ಲಾಸ್ಪ್, ಅಂದರೆ ಕೊಕ್ಕೆ), ಒಸಡಿನ ಭಾಗದ ಅಕ್ರಿಲಿಕ್ ಪ್ಲಾಸ್ಟಿಕ್ ಹಿಡಿಯಲು ಎರಡು ಜಾಲರಿ ಬೇಕು.

ದಿನ 1, ಲೋಹ

ನಾಲ್ಕು ಲೋಹ ತೂಗಿ ನೋಡಿದೆವು. ಟೈಪ್ 4 ಚಿನ್ನ (ಗಡುಸಾದ ಚಿನ್ನದ ಮಿಶ್ರಲೋಹ) ಅಳತೆಗೆ ಸರಿಯಾಗಿ ಕೂರುತ್ತದೆ, ಎರಕದಲ್ಲಿ ಕುಗ್ಗುವುದೂ ಶೇ. 1.5ರ ಆಸುಪಾಸು ಮಾತ್ರ. ಆದರೆ ಅದರ ಬಿಗುವು ಕೋಬಾಲ್ಟ್-ಕ್ರೋಮಿಯಂನ ಅರ್ಧದಷ್ಟು. ಬಾರ್ ಬಳುಕದಿರಬೇಕಾದರೆ ದಪ್ಪ ಮಾಡಬೇಕು. ಸಾಂದ್ರತೆ ಘನ ಸೆಂ.ಮೀ.ಗೆ 15 ಗ್ರಾಂನ ಹತ್ತಿರ ಇರುವುದರಿಂದ ತೂಕವೂ ದರವೂ ಒಟ್ಟಿಗೇ ಏರುತ್ತವೆ. ನಿಕಲ್-ಕ್ರೋಮಿಯಂ ಸುಲಭವಾಗಿ ಹರಿಯುತ್ತದೆ, ಆದರೆ ನಿಕಲ್ ಅಲರ್ಜಿ ಇರುವವರಿಗೆ ಆಗದು. ಬೆರಿಲಿಯಂ ಬೆರೆಸಿದ ಹಳೆಯ ಮಾಲಾದರೆ ಉಜ್ಜುವಾಗ ಏಳುವ ಧೂಳು ಶ್ವಾಸಕೋಶಕ್ಕೆ ವಿಷ. ಟೈಟಾನಿಯಂ ಹಗುರ, ದೇಹಕ್ಕೂ ಒಗ್ಗುತ್ತದೆ. ಆದರೆ 1668 ಡಿಗ್ರಿಗೆ ಕರಗುವ ಅದು ಆ ಬಿಸಿಯಲ್ಲಿ ಗಾಳಿಯೊಂದಿಗೂ ಅಚ್ಚಿನ ಸಿಲಿಕಾದೊಂದಿಗೂ ಪ್ರತಿಕ್ರಿಯಿಸುತ್ತದೆ. ಆರ್ಗಾನ್ ಯಂತ್ರವಿಲ್ಲದ ಲ್ಯಾಬಿನಲ್ಲಿ ಅದರ ಮಾತೇ ಬೇಡ.

ಉಳಿದದ್ದು ಕೋಬಾಲ್ಟ್-ಕ್ರೋಮಿಯಂ. ಕೋಬಾಲ್ಟ್ ಸುಮಾರು ಶೇ. 63, ಕ್ರೋಮಿಯಂ 29, ಮಾಲಿಬ್ಡಿನಂ 5, ಮಿಕ್ಕಿದ್ದು ಸಿಲಿಕಾನ್, ಮ್ಯಾಂಗನೀಸ್, ಚೂರು ಇಂಗಾಲ. ಪ್ಯಾಕೆಟ್ ಮೇಲೆ ಐಎಸ್ಒ 22674 (ದಂತಲೋಹಗಳ ಅಂತರರಾಷ್ಟ್ರೀಯ ಮಾನದಂಡ), ಟೈಪ್ 5 ಎಂದಿರುವುದನ್ನೇ ತೆಗೆದುಕೊಂಡೆವು. ತೆಳು ಭಾಗಗಳಿಗೆ, ಕ್ಲಾಸ್ಪ್‌ಗಳಿಗೆಂದೇ ಇರುವ ದರ್ಜೆ ಅದು: ಕನಿಷ್ಠ 500 ಮೆಗಾಪ್ಯಾಸ್ಕಲ್ ಪ್ರೂಫ್ ಸ್ಟ್ರೆಸ್ (ಶಾಶ್ವತವಾಗಿ ಬಾಗುವ ಮುನ್ನ ತಡೆಯುವ ಒತ್ತಡ), 150 ಗಿಗಾಪ್ಯಾಸ್ಕಲ್ ಮಾಡ್ಯುಲಸ್ (ಬಿಗುವಿನ ಅಳತೆ). ಕ್ರೌನ್‌ಗೆ ಪೋರ್ಸ್‌ಲೇನ್ ಹಚ್ಚುವ ಲೋಹ ಮಿಕ್ಕಿದೆ ಎಂದು ಅದನ್ನೇ ಇಲ್ಲಿ ಸುರಿಯಬಾರದು.

ಈ ಲೋಹ ಆರಿಸಿದ ಕ್ಷಣವೇ ಉಳಿದ ಸಾಮಾನುಗಳೂ ಆರಿಸಿದಂತಾಯಿತು. ಕುಗ್ಗುವಿಕೆ ಶೇ. 2ಕ್ಕಿಂತ ಹೆಚ್ಚು, ಕರಗಲು 1300ರಿಂದ 1400 ಡಿಗ್ರಿ. ಅಚ್ಚು ಮಾಡುವ ಪುಡಿಗೆ ಇನ್ವೆಸ್ಟ್‌ಮೆಂಟ್ ಎನ್ನುತ್ತೇವೆ. ಜಿಪ್ಸಂ ಇನ್ವೆಸ್ಟ್‌ಮೆಂಟ್ 700 ದಾಟಿದರೆ ಒಡೆದು ಗಂಧಕದ ಅನಿಲ ಬಿಡುತ್ತದೆ. ಹಾಗಾಗಿ ಫಾಸ್ಫೇಟ್ ಇನ್ವೆಸ್ಟ್‌ಮೆಂಟೇ ಬೇಕು. ಕಾರ್ಬನ್ ಕ್ರೂಸಿಬಲ್ (ಲೋಹ ಕರಗಿಸುವ ಪಾತ್ರೆ) ಕೂಡ ಬೇಡ. ಇಂಗಾಲ ಹೀರಿದ ಲೋಹ ಗಡುಸಾಗಿ, ಕ್ಲಾಸ್ಪ್ ಗಾಜಿನಂತೆ ಮುರಿಯುತ್ತದೆ. ಸೆರಾಮಿಕ್ ಕ್ರೂಸಿಬಲ್ ಇಟ್ಟೆವು.

ದಿನ 2, ಮಾಡೆಲ್ ಮತ್ತು ಮೇಣ

ಒಸಡಿನ ಅಂಚಿನಿಂದ ಬಾಯಿಯ ತಳಕ್ಕೆ 8 ಮಿ.ಮೀ. ಸಿಕ್ಕಿತು. ಒಸಡಿನ ಅಂಚಿನಿಂದ 3 ಮಿ.ಮೀ. ಬಿಟ್ಟು 4 ಮಿ.ಮೀ. ಎತ್ತರದ ಬಾರ್ ಕೂರಿಸಬಹುದು. 7ಕ್ಕಿಂತ ಕಡಿಮೆ ಇದ್ದಿದ್ದರೆ ಬಾರ್ ಬದಲು ಹಲ್ಲುಗಳ ಹಿಂಬದಿಯನ್ನೂ ಮುಚ್ಚುವ ಪ್ಲೇಟ್ ಮಾಡಬೇಕಿತ್ತು. ಹಲ್ಲಿನ ಉಬ್ಬಿನ ಕೆಳಗೆ ಒಳಸರಿದ ಜಾಗವೇ ಅಂಡರ್‌ಕಟ್, ಅದನ್ನು ಅಳೆಯುವ ಉಪಕರಣ ಸರ್ವೇಯರ್. ಐ-ಬಾರ್ ತುದಿ ಸರ್ವೇಯರ್‌ನಲ್ಲಿ ಅಳೆದ 0.25 ಮಿ.ಮೀ. ಅಂಡರ್‌ಕಟ್‌ಗೆ. ಈ ಲೋಹದಲ್ಲಿ ಅದಕ್ಕಿಂತ ಆಳಕ್ಕೆ ಹೋದರೆ ತೆಗೆದು ಹಾಕುವಾಗೆಲ್ಲ ಹಲ್ಲನ್ನು ಎಳೆಯುತ್ತದೆ. ಜಾಲರಿಯ ಕೆಳಗೆ ಅಕ್ರಿಲಿಕ್‌ಗೆ ಜಾಗ ಬಿಡಲು 1 ಮಿ.ಮೀ. ರಿಲೀಫ್ ಮೇಣ ಹಾಕಿ, ಜಾಲರಿ ಒಸಡಿಗೆ ಆನುವ ಟಿಶ್ಯೂ ಸ್ಟಾಪ್‌ಗೆ ಹಿಂದುಗಡೆ 2 ಮಿ.ಮೀ. ಚೌಕ ಕತ್ತರಿಸಿದೆವು.

ಮಾಡೆಲಿನ ನಕಲು ತೆಗೆಯಲು ಅಗಾರ್ ಜೆಲ್, 53 ಡಿಗ್ರಿಯಲ್ಲಿ ಸುರಿದದ್ದು. ಫ್ಲಾಸ್ಕಿನ ಬುಡ ಮಾತ್ರ ಮುಳುಗುವಷ್ಟು ಹರಿಯುವ ನೀರಿನಲ್ಲಿಟ್ಟರೆ ಜೆಲ್ ಮಾಡೆಲ್ ಕಡೆಗೇ ಬಿಗಿಯುತ್ತದೆ. ಮೇಲಿನಿಂದ ತಣಿಸಿದರೆ ಬಿಟ್ಟುಕೊಳ್ಳುತ್ತದೆ. ಆ ಜೆಲ್ ಅಚ್ಚಿನಲ್ಲಿ ಇನ್ವೆಸ್ಟ್‌ಮೆಂಟ್ ಸುರಿದು ತೆಗೆದ, ಬಿಸಿ ತಡೆಯುವ ರಿಫ್ರಾಕ್ಟರಿ ಮಾಡೆಲ್ ಒಣಗಿಸಿ, 140 ಡಿಗ್ರಿ ಜೇನುಮೇಣದಲ್ಲಿ 15 ಸೆಕೆಂಡ್ ಅದ್ದಿದೆವು. ಇಲ್ಲದಿದ್ದರೆ ಫ್ರೇಮಿನ ಆಕಾರ ಕೊಡುವ ಪ್ಯಾಟರ್ನ್ ಮೇಣ ಅಂಟುವುದಿಲ್ಲ, ಬೆರಳು ತಗುಲಿದ ಕಡೆ ಪುಡಿ ಉದುರುತ್ತದೆ.

ದಿನ 3, ಮೊದಲ ಎರಕ, ಹಾಳು

ಎರಡು ತಪ್ಪುಗಳು, ಒಂದಕ್ಕೊಂದು ಸಂಬಂಧವಿಲ್ಲದವು. ಬಲಗಡೆಯ ರೆಸ್ಟ್ ಕೂತಾಗ ಎಡಗಡೆಯದು ಅರ್ಧ ಮಿ.ಮೀ. ಎದ್ದು ನಿಲ್ಲುತ್ತಿತ್ತು: ಇಡೀ ಫ್ರೇಮ್ ಕಿರಿದಾಗಿದೆ. ಕಾರಣ ಇನ್ವೆಸ್ಟ್‌ಮೆಂಟಿನ ದ್ರವ. ಕೊಲಾಯ್ಡಲ್ ಸಿಲಿಕಾಗೆ ಅರ್ಧಕ್ಕರ್ಧ ನೀರು ಬೆರೆಸಿದ್ದೆವು. ನೀರು ಹೆಚ್ಚಾದಷ್ಟೂ ಅಚ್ಚು ಹಿಗ್ಗುವುದು ಕಡಿಮೆ, ಲೋಹದ ಕುಗ್ಗುವಿಕೆ ಸರಿದೂಗುವುದಿಲ್ಲ.

ಇನ್ನೊಂದು, ಬಾರ್. ಸ್ಪ್ರೂ (ಲೋಹ ಹರಿದು ಬರುವ ದಾರಿ) ಸೇರುವ ಕಡೆ ಡಿಸ್ಕ್‌ನಿಂದ ಕೊಯ್ದು ನೋಡಿದರೆ ಹೊಳೆಯುವ ಲೋಹದ ನಡುವೆ ಸೂಜಿಮೊನೆಯಷ್ಟು ಕಪ್ಪು ತೂತುಗಳು, ಸ್ಪಂಜಿನ ಹಾಗೆ. 2 ಮಿ.ಮೀ. ಸ್ಪ್ರೂ ಬಾರ್‌ಗಿಂತ ಮೊದಲೇ ಗಟ್ಟಿಯಾಗಿದೆ, ಕುಗ್ಗುವ ಬಾರ್‌ಗೆ ಮತ್ತೆ ಲೋಹ ಸಿಕ್ಕಿಲ್ಲ. ಹೊರಗಿನಿಂದ ಪಾಲಿಶ್ ಚೆನ್ನಾಗಿಯೇ ಬರುತ್ತಿತ್ತು, ಕೊಯ್ಯದಿದ್ದರೆ ಗೊತ್ತಾಗುತ್ತಿರಲಿಲ್ಲ.

ದಿನ 5, ಎರಡನೇ ಎರಕ

ದ್ರವ ಮುಕ್ಕಾಲು ಸಿಲಿಕಾ, ಕಾಲು ನೀರು. 100 ಗ್ರಾಂ ಪುಡಿಗೆ 20 ಮಿ.ಲೀ., ವ್ಯಾಕ್ಯೂಮಿನಲ್ಲಿ 60 ಸೆಕೆಂಡ್. ಬಾರ್‌ಗೆ ಚೂಪು ತಿರುವಿಲ್ಲದ 3.5 ಮಿ.ಮೀ. ಸ್ಪ್ರೂ ಎರಡು.

ಫರ್ನೇಸ್ ನಿಮಿಷಕ್ಕೆ 5 ಡಿಗ್ರಿ. 250ರಲ್ಲಿ ಒಂದು ಗಂಟೆ ನಿಲುಗಡೆ, ಅಚ್ಚಿನ ಸಿಲಿಕಾದ ಒಂದು ಬಗೆಯಾದ ಕ್ರಿಸ್ಟೊಬಲೈಟ್ ರೂಪ ಬದಲಿಸುವುದು ಅಲ್ಲಿ. 573ರಲ್ಲಿ ಇನ್ನೊಂದು ಬಗೆಯಾದ ಕ್ವಾರ್ಟ್ಜ್ ಬದಲಾಗುತ್ತದೆ, ಅದಕ್ಕೆ 580ರಲ್ಲಿ ಮತ್ತೊಂದು ನಿಲುಗಡೆ. ಆತುರಪಟ್ಟರೆ ಅಚ್ಚು ಬಿರಿದು, ಲೋಹದ ಮೇಲೆ ರೆಕ್ಕೆ ಏಳುತ್ತದೆ. ಕೊನೆಗೆ 950ರಲ್ಲಿ ಒಂದು ಗಂಟೆ.

ಲೋಹದ ಲೆಕ್ಕ: ಸ್ಪ್ರೂ ಸೇರಿ ಮೇಣ 2.4 ಗ್ರಾಂ, ಲೋಹ ಅದರ ಒಂಬತ್ತು ಪಟ್ಟು ಭಾರವೆಂದು ಒಂಬತ್ತರಿಂದ ಗುಣಿಸಿದರೆ 21.6, ಎರಕದ ಬಾಯಲ್ಲಿ ಮಿಕ್ಕುವ ಬಟನ್‌ಗೆ 8. ಆರು ಗ್ರಾಂನ ಐದು ಗಟ್ಟಿ ಸಾಕು, ಎಲ್ಲವೂ ಹೊಸವೇ. ಇಂಡಕ್ಷನ್‌ನಲ್ಲಿ ಗಟ್ಟಿಗಳ ಅಂಚು ಕರಗಿ ಒಂದಕ್ಕೊಂದು ಸೇರಿ, ಮೇಲಿನ ಆಕ್ಸೈಡ್ ಪೊರೆ ಒಡೆಯುತ್ತಿದ್ದಂತೆಯೇ ಲೋಹವನ್ನು ಅಚ್ಚಿಗೆ ಬಿಟ್ಟೆವು. ಕನ್ನಡಿಯಂತೆ ಹೊಳೆಯಲಿ ಎಂದು ಕಾದರೆ ಲೋಹ ಅತಿಯಾಗಿ ಕಾದು ಅನಿಲದ ತೂತು ಬೀಳುತ್ತವೆ. ಅಚ್ಚು ನೀರಿಗೆ ಹಾಕದೆ ತಾನಾಗಿಯೇ ಆರಲು ಬಿಟ್ಟೆವು.

125 ಮೈಕ್ರಾನ್ ಅಲ್ಯುಮಿನಾದಿಂದ ಬ್ಲಾಸ್ಟ್ ಮಾಡಿ ಮಾಡೆಲ್ ಮೇಲಿಟ್ಟಾಗ ಎರಡೂ ರೆಸ್ಟ್ ಕೂತವು, ಅಲುಗಾಟವಿಲ್ಲ. ವಿದ್ಯುತ್ತಿನಿಂದ ಮೇಲ್ಮೈ ಕರಗಿಸುವ ಎಲೆಕ್ಟ್ರೋಪಾಲಿಶ್‌ಗೆ ಮುನ್ನ ಐ-ಬಾರ್‌ಗಳ ಒಳಮುಖಕ್ಕೆ ಮೇಣ ಸವರಿದೆವು, ಅಲ್ಲಿ 20 ಮೈಕ್ರಾನ್ ಹೋದರೂ ಹಿಡಿತ ಸಡಿಲವಾಗುತ್ತದೆ. ತುದಿಗಳನ್ನು ಇಕ್ಕಳದಿಂದ ಬಗ್ಗಿಸಿಲ್ಲ. ಬಾಯಲ್ಲಿ ಇಟ್ಟು ನೋಡುವ ಟ್ರೈ-ಇನ್ ಆಗುವವರೆಗೆ ಜಾಲರಿಗೆ ಅಕ್ರಿಲಿಕ್ ಹಾಕುವುದಿಲ್ಲ.