ಗ್ರೂಪ್ ಬಿಟ್ಟವನು

ಬೆಳಿಗ್ಗೆ ನಮ್ಮ ಯೂನಿವರ್ಸಿಟಿ ಬ್ಯಾಚಿನ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಸಣ್ಣ ಸಾಲು. ಅವನು ಗ್ರೂಪ್ ಬಿಟ್ಟಿದ್ದಾನೆ ಅಂತ.

ಅವನು ಹೋಗಿ ನಾಲ್ಕು ತಿಂಗಳಾಯಿತು.

120 ದಿನ ಬಳಸದಿದ್ದರೆ ವಾಟ್ಸಾಪ್ ಖಾತೆ ಸಾಮಾನ್ಯವಾಗಿ ತಾನಾಗಿಯೇ ಅಳಿಸಿಹೋಗುತ್ತದೆ. ಯಾರೂ ಮಾಡಿದ್ದಲ್ಲ, ಬರೀ ಲೆಕ್ಕ. ಗೊತ್ತಿದ್ದರೂ 'ಯಾಕೋ ಬಿಟ್ಟೆ?' ಅಂತ ಟೈಪ್ ಮಾಡಿಬಿಟ್ಟಿದ್ದೆ. ಕಳಿಸಲಿಲ್ಲ.

ಹಳೆಯದೆಲ್ಲ ಸ್ಕ್ರಾಲ್ ಮಾಡುತ್ತಾ ಹೋದೆ. ಅವನ ಕೊನೆಯ ಮೆಸೇಜು ರಾತ್ರಿ 11:40ರದ್ದು. 'ನನ್ನ ಲ್ಯಾಬ್ ರೆಕಾರ್ಡು ಇನ್ನೂ ನಿನ್ನ ಹತ್ರಾನೇ ಇದೆ ಕಣೋ.' ಹದಿನೆಂಟು ವರ್ಷದ ಹಳೇ ಬಾಕಿ! ನಾನು ನಗುವ ಇಮೋಜಿ ಒತ್ತಿ ಮಲಗಿದ್ದೆ. ಒಂದು ಸಾಲು ಬರೆಯೋಕೆ ಏನಾಗಿತ್ತು?

ನಮ್ಮ ಬ್ಯಾಚಲ್ಲಿ ಹೀಗೆ ಹೋದವರು ಈಗ ಮೂವರು. ಒಬ್ಬಳ ಫೇಸ್‌ಬುಕ್ ಪುಟ ಸ್ಮರಣೆಯ ಪುಟವಾಗಿದೆ, ಹುಟ್ಟುಹಬ್ಬಕ್ಕೆ ಈಗಲೂ ಯಾರಾದರೂ ಬರೆಯುತ್ತಾರೆ. ಇನ್ನೊಬ್ಬ ಅಂದರೆ ಹಾಜರಿ ಕೂಗುವಾಗಿನ 'ಪ್ರೆಸೆಂಟ್ ಸಾರ್' ಮಾತ್ರ ಕಿವಿಗೆ ಬರುತ್ತದೆ. ಮುಖ ಬರಲ್ಲ. ಹೇಳೋಕೆ ನಾಚಿಕೆ, ಆದರೆ ನಿಜ.

ಸಂಜೆ ಹುಡುಕಿದೆ. ರೆಕಾರ್ಡು ಸಿಕ್ಕಿತು. ಒಳಗಿನ ಮೊದಲ ಪುಟದಲ್ಲಿ ಅವನ ಹೆಸರು, ರೋಲ್ ನಂಬರ್. ಮೂರನೇ ಪ್ರಯೋಗದ ಗ್ರಾಫಿನ ಮೇಲೆ ದೊಡ್ಡ ಇಂಕಿನ ಕಲೆ.

ಅದು ನಾನೇ ಚೆಲ್ಲಿದ್ದು. ಅವನಿಗೆ ಹೇಳಿರಲೇ ಇಲ್ಲ.