ಹಂಪಿಯ ಕಲ್ಲುಗಳ ನಡುವೆ ಜುಪಿಟರ್-12

ಹಳೆಯ ಸೋವಿಯತ್ ಫಿಲ್ಮ್ ಕ್ಯಾಮೆರಾಕ್ಕೆ ಜುಪಿಟರ್-12 ಎಂಬ ಅಗಲ ನೋಟದ ಲೆನ್ಸ್ ಹಾಕಿ ಹಂಪಿಯಲ್ಲಿ ಚಿತ್ರ ತೆಗೆಯಲು ಹೊರಟವರಿಗೆ ಈ ಮಾತುಗಳು. ಬೆಂಗಳೂರಿನಿಂದ ರಾತ್ರಿ ಹೊರಡುವ ಹಂಪಿ ಎಕ್ಸ್‌ಪ್ರೆಸ್ ಬೆಳಗಿನ ಹೊತ್ತಿಗೆ ಹೊಸಪೇಟೆ ಮುಟ್ಟುತ್ತದೆ. ಅಲ್ಲಿಂದ ಹಂಪಿಗೆ 13 ಕಿ.ಮೀ., ಬಸ್ಸೂ ಆಟೊವೂ ಸಿಗುತ್ತವೆ. ಫಿಲ್ಮನ್ನು ಮಾತ್ರ ಊರಿನಿಂದಲೇ ಕಟ್ಟಿಕೊಂಡು ಬರುವುದು ಕ್ಷೇಮ. ಇಲ್ಲಿನ ಬಿಸಿಲಿಗೆ 100 ಅಥವಾ 125 ಐಎಸ್‌ಒ (ಬೆಳಕಿಗೆ ಫಿಲ್ಮಿನ ಚುರುಕಿನ ಅಳತೆ) ಧಾರಾಳವಾಯಿತು. ಗುಡಿಯೊಳಗಿನ ಕತ್ತಲಿಗೆಂದು 400ರ ಒಂದು ರೋಲ್ ಚೀಲದಲ್ಲಿರಲಿ. ಹಳೆಯ ಕ್ಯಾಮೆರಾದ 1/1000 ಸೆಕೆಂಡಿನ ಶಟರ್ ವೇಗವನ್ನು ನಂಬಿ ಹೊರಗೂ 400 ತುಂಬುವುದು ಬೇಡ. ಐವತ್ತು ವರ್ಷ ದಾಟಿದ ಬಟ್ಟೆಯ ಶಟರಿನಲ್ಲಿ ಆ ವೇಗ ಸರಿಯಾಗಿ ಉಳಿದಿರುವುದು ಅಪರೂಪ.

ಕ್ಯಾಮೆರಾ ಜೋರ್ಕಿ-4. 1956ರಿಂದ 1973ರವರೆಗೆ ಮಾಸ್ಕೋ ಬಳಿಯ ಕ್ರಾಸ್ನೊಗೋರ್ಸ್ಕ್‌ನಲ್ಲಿ ತಯಾರಾದದ್ದು, ಬೆಳಕು ಅಳೆಯುವ ಮೀಟರ್ ಇಲ್ಲ. ಶಟರ್ ಎಳೆದ ಮೇಲಷ್ಟೇ ವೇಗದ ಗುಂಡಿ ತಿರುಗಿಸಬೇಕು. ಮೊದಲೇ ತಿರುಗಿಸಿದರೆ ಒಳಗಿನ ಪಿನ್ನು ಹಾಳಾಗುತ್ತದೆ. ಲೆನ್ಸ್ ಜುಪಿಟರ್-12, 35 ಮಿ.ಮೀ., ಎಫ್ 2.8 (ಅಪರ್ಚರ್, ಅಂದರೆ ಬೆಳಕು ಒಳಬಿಡುವ ತೆರಪಿನ ಅಳತೆ; ಅಂಕಿ ಹೆಚ್ಚಿದಷ್ಟೂ ತೆರಪು ಕಿರಿದು). ಲುಡ್ವಿಗ್ ಬೆರ್ಟೆಲೆ 1930ರ ದಶಕದಲ್ಲಿ ಜರ್ಮನಿಯ ಲೆನ್ಸ್ ಕಂಪನಿ ಜೈಸ್‌ಗಾಗಿ ರೂಪಿಸಿದ ಬಯೋಗಾನ್‌ನ ಸೋವಿಯತ್ ಅವತಾರ ಇದು. ಇದರ ಹಿಂಬದಿಯ ಗಾಜು ಕ್ಯಾಮೆರಾದೊಳಕ್ಕೆ ಎಷ್ಟು ಚಾಚಿಕೊಂಡಿದೆಯೆಂದರೆ ಶಟರ್ ಪರದೆಗೆ ತಾಗಿಯೇಬಿಟ್ಟಿತೇನೋ ಅನ್ನಿಸುತ್ತದೆ. ಹಾಗಾಗಿ ಕೆಳಗಿಡುವಾಗ ಆಳವಾದ ಹಿಂಮುಚ್ಚಳ ಕಡ್ಡಾಯ. ಲೆನ್ಸಿನ ಹಿಂದೆ ಮೀಟರಿನ ಕೈ ಇರುವ ಲೈಕಾ ಎಂ5ನಂಥ ಕ್ಯಾಮೆರಾಗಳಿಗೆ ಇದನ್ನು ಹಾಕುವ ಸಾಹಸವೇ ಬೇಡ. ಅಪರ್ಚರ್ ಬಳೆ ಲೆನ್ಸಿನ ಮುಂಬಾಯಿಯೊಳಗೆ ಅಡಗಿದೆ, ಟಿಕ್ ಟಿಕ್ ಎನ್ನುವ ತಡೆಗಳೂ ಇಲ್ಲ. 40.5 ಮಿ.ಮೀ. ಫಿಲ್ಟರ್ ತಿರುಗಿಸುವಾಗ ಅದು ಜಾರಬಹುದು. ಫಿಲ್ಟರ್ ಹಾಕಿದ ಮೇಲೆ ಅಂಕಿಯನ್ನು ಇನ್ನೊಮ್ಮೆ ನೋಡಿಕೊಳ್ಳಿ.

ಜೋರ್ಕಿಯ ಕಿಂಡಿ ತೋರಿಸುವುದು 50 ಮಿ.ಮೀ. ಲೆನ್ಸಿನ ನೋಟವನ್ನು. 35ಕ್ಕೆ ಕ್ಯಾಮೆರಾದ ನೆತ್ತಿಯ ಶೂನಲ್ಲಿ (ಪರಿಕರ ಸಿಕ್ಕಿಸುವ ಜಾಗ) ಬೇರೆ ಫೈಂಡರ್, ಅಂದರೆ ನೋಡುವ ಕಿಂಡಿ, ಕೂರಿಸಬೇಕು. ಅಂದರೆ ಫೋಕಸ್ ಒಂದು ಕಿಂಡಿಯಲ್ಲಿ, ಚೌಕಟ್ಟು ಇನ್ನೊಂದರಲ್ಲಿ. ಕಣ್ಣನ್ನು ಹೀಗೆ ಮೇಲೆ ಕೆಳಗೆ ಓಡಿಸುವ ತಾಪತ್ರಯ ತಪ್ಪಿಸಲು ದೂರವನ್ನು ಮೊದಲೇ ಕಟ್ಟಿಡುವುದು ವಾಸಿ. ಎಫ್ 11ರಲ್ಲಿ 3.7 ಮೀಟರಿಗೆ ಇಟ್ಟರೆ ಹೆಚ್ಚೂಕಡಿಮೆ 1.9 ಮೀಟರಿನಿಂದ ಅನಂತದವರೆಗೆ ಸ್ಪಷ್ಟ. ಎಫ್ 16ರಲ್ಲಿ 2.6 ಮೀಟರಿಗೆ ಇಟ್ಟರೆ 1.3 ಮೀಟರಿನಿಂದಲೇ. ಹಂಪಿಯ ಹಗಲಿನ ಮುಕ್ಕಾಲು ಪಾಲು ಚಿತ್ರಗಳಿಗೆ ಇಷ್ಟು ಸಾಕು.

ಮೊದಲ ಪರೀಕ್ಷೆ ವಿರೂಪಾಕ್ಷ ಬೀದಿಯಲ್ಲೇ. ಪೂರ್ವದ ರಾಜಗೋಪುರ ಒಂಬತ್ತು ನೆಲೆಯದು, ಎತ್ತರ ಸುಮಾರು 50 ಮೀಟರ್. ಬಸ್ಸಿಳಿದವರೆಲ್ಲ ಬುಡದಲ್ಲಿ ನಿಂತು ಕ್ಯಾಮೆರಾ ಮೇಲಕ್ಕೆತ್ತುತ್ತಾರೆ, ಗೋಪುರ ಹಿಂದಕ್ಕೆ ಮಲಗುತ್ತದೆ. 35ರ ಲೆಕ್ಕ ನೆನಪಿಡಲು ಸುಲಭ: ಕ್ಯಾಮೆರಾ ಅಡ್ಡ ಹಿಡಿದರೆ, ಎಷ್ಟು ದೂರ ನಿಂತಿದ್ದೀರೋ ಅಷ್ಟೇ ಅಗಲ ಚೌಕಟ್ಟಿಗೆ ಬರುತ್ತದೆ. ಉದ್ದಕ್ಕೆ, ಮಟ್ಟವಾಗಿ ಹಿಡಿದರೆ ಕಣ್ಣಿನ ಮಟ್ಟದಿಂದ ಮೇಲೆ ಆ ದೂರದ ಅರ್ಧದಷ್ಟು ಎತ್ತರ. ಹಾಗಾದರೆ ಇಡೀ ಗೋಪುರಕ್ಕೆ ಬೀದಿಯಲ್ಲಿ ನೂರು ಮೀಟರಿನಷ್ಟು ಹಿಂದೆ ನಡೆಯಬೇಕು. ಶೂನಲ್ಲಿ ಫೈಂಡರ್ ಕೂತಿರುವುದರಿಂದ ರಸಮಟ್ಟಕ್ಕೆ ಜಾಗವಿಲ್ಲ. ನಿಮ್ಮಷ್ಟೇ ಎತ್ತರದವರ ಕಣ್ಣು ಚೌಕಟ್ಟಿನ ನಟ್ಟನಡುವೆ ಬಂದರೆ ಕ್ಯಾಮೆರಾ ಮಟ್ಟವಾಗಿದೆ ಎಂದೇ ಅರ್ಥ. ಕೆಳಗಿನ ಅರ್ಧ ಬರೀ ನೆಲವಾಗುತ್ತದಲ್ಲ ಎಂಬ ತಕರಾರು ನಿಜವೇ. ಅಗಲ ಲೆನ್ಸಿನ ಕಷ್ಟವೂ ಸುಖವೂ ಅಲ್ಲೇ ಇರುವುದು. ಬೀದಿಯ ಧೂಳು ಬೇಡವೆಂದರೆ ಹೇಮಕೂಟ ಹತ್ತಿ. ಅಲ್ಲಿ ಆ ಅರ್ಧವನ್ನು ತುಂಬಲು ಹಾಸುಬಂಡೆಯಿದೆ, ಬಂಡೆಯ ಮೇಲೆ ಮೆಟ್ಟಿಲು ಶಿಖರದ ಪುಟ್ಟ ಗುಡಿಗಳಿವೆ.

ದೇವಸ್ಥಾನದ ಹಿಂಬದಿಯಲ್ಲಿ ಒಂದು ಕತ್ತಲೆ ಕೋಣೆ. ಗೋಡೆಯ ಸಣ್ಣ ಕಂಡಿಯಿಂದ ಬೆಳಕು ತೂರಿ, ಎದುರು ಗೋಡೆಯ ಮೇಲೆ ರಾಜಗೋಪುರ ತಲೆಕೆಳಗಾಗಿ ಬೀಳುತ್ತದೆ. ಕ್ಯಾಮೆರಾ ಹಿಡಿದವರಿಗೆ ಇದು ಕ್ಯಾಮೆರಾದ ಹೊಟ್ಟೆಯೊಳಗೇ ಹೊಕ್ಕ ಹಾಗೆ. ಇದನ್ನು ತೆಗೆಯುವುದು ಮಾತ್ರ ಸುಲಭವಲ್ಲ. ರೇಂಜ್‌ಫೈಂಡರಿನ ಜೋಡಿಬಿಂಬ (ಎರಡೂ ಒಂದಾದರೆ ಫೋಕಸ್ ಸರಿ) ಇಷ್ಟು ಮಂಕಿನಲ್ಲಿ ಕೂಡುವುದೇ ಇಲ್ಲ. ಗೋಡೆಗಿರುವ ದೂರವನ್ನು ಹೆಜ್ಜೆಯಲ್ಲಿ ಅಳೆದು ಫೋಕಸ್ ಬಳೆಯಲ್ಲಿ ಇಡಬೇಕು. ಎಫ್ 2.8ರಲ್ಲಿ 3 ಮೀಟರಿಗೆ ಇಟ್ಟರೆ ಎರಡೂವರೆಯಿಂದ ಮೂರೂಮುಕ್ಕಾಲು ಮೀಟರ್‌ವರೆಗೆ ಸ್ಪಷ್ಟವಿರುತ್ತದೆ, ಹೆಜ್ಜೆಯ ತಪ್ಪು ಅದರಲ್ಲೇ ಮುಚ್ಚಿಹೋಗುತ್ತದೆ. 400ರ ರೋಲ್ ಬೇಕಾಗುವುದು ಇಲ್ಲಿ. ಕ್ಯಾಮೆರಾವನ್ನು ಕಟ್ಟೆಗೋ ಗೋಡೆಗೋ ಒತ್ತಿ ಹಿಡಿದು ಬಿ ವೇಗದಲ್ಲಿ (ಗುಂಡಿ ಒತ್ತಿದಷ್ಟು ಹೊತ್ತೂ ಶಟರ್ ತೆರೆದಿರುತ್ತದೆ) ತೆಗೆಯಿರಿ. ಒಂದು ಸೆಕೆಂಡ್ ದಾಟಿತೆಂದರೆ ಫಿಲ್ಮು ಮಂದವಾಗುತ್ತದೆ: ಇಲ್‌ಫರ್ಡ್ ಎಚ್‌ಪಿ5ಗೆ ಕೈಯಲ್ಲಿ ಹಿಡಿಯುವ ಬೆಳಕಿನ ಮೀಟರ್ 4 ಸೆಕೆಂಡ್ ಹೇಳಿದರೆ ಕೊಡಬೇಕಾದದ್ದು 6.

ಹೊರಬಂದ ಮೇಲೆ ಬಿಸಿಲಿನ ಬಗ್ಗೆ ಜಾಗ್ರತೆ. ರೇಂಜ್‌ಫೈಂಡರಿನಲ್ಲಿ ಕನ್ನಡಿಯಿಲ್ಲ, ಲೆನ್ಸ್ ಒಟ್ಟುಗೂಡಿಸಿದ ಸೂರ್ಯ ನೇರ ಬಟ್ಟೆಯ ಪರದೆಯ ಮೇಲೆ ಬೀಳುತ್ತಾನೆ. ಅಪರ್ಚರ್ ಪೂರ್ತಿ ತೆರೆದು, ಫೋಕಸ್ ಅನಂತದಲ್ಲಿಟ್ಟು, ಕ್ಯಾಮೆರಾವನ್ನು ಬಂಡೆಯ ಮೇಲೆ ಆಕಾಶಕ್ಕೆ ಮುಖಮಾಡಿ ಮಲಗಿಸಿದರೆ ಪರದೆ ಸುಟ್ಟು ತೂತಾಗುತ್ತದೆ. ಆಮೇಲೆ ಪ್ರಿಂಟಿನಲ್ಲಿ ಬಿಳಿ ಚುಕ್ಕಿಗಳು. ಓಡಾಡುವಾಗ ಮುಚ್ಚಳ ಹಾಕಿ. ಅದು ಬೇಸರವೆಂದರೆ ಎಫ್ 22, ಫೋಕಸ್ 1 ಮೀಟರ್. ಮುಚ್ಚಳ ತೆಗೆಯಲು ಮರೆತರೂ ಫೈಂಡರಿನಲ್ಲಿ ಎಲ್ಲ ಚೆನ್ನಾಗಿಯೇ ಕಾಣುತ್ತದೆ ಎಂಬುದು ಈ ಜಾತಿಯ ಕ್ಯಾಮೆರಾದ ಕುಚೋದ್ಯ.

ಲಕ್ಷ್ಮೀನರಸಿಂಹನ ಎತ್ತರ 6.7 ಮೀಟರ್, ಕೃಷ್ಣದೇವರಾಯನ ಕಾಲದ್ದು, 1528. ಮೇಲಿನ ಲೆಕ್ಕದಂತೆ ಹತ್ತು ಮೀಟರ್ ಹಿಂದೆ ನಿಂತರೆ ಏಳು ಹೆಡೆಯೂ ಸೇರಿ ಪೂರ್ತಿ ಬರುತ್ತಾನೆ. ಜನಾನಾ ಆವರಣದ ಪಕ್ಕದ ಗಜಶಾಲೆಯಲ್ಲಿ ಈ ಲೆನ್ಸಿನ ಗುಣ ಎದ್ದು ಕಾಣುತ್ತದೆ: ಸಾಲಾಗಿ ಹನ್ನೊಂದು ಕೋಣೆ, ಉದ್ದಕ್ಕೂ ಸೂರಿನ ಗೆರೆ, ಆ ಗೆರೆ ಚೌಕಟ್ಟಿನ ಅಂಚಿನಲ್ಲೂ ಬಾಗದು. ಮೂಲೆಗಳ ಕಪ್ಪು ಎಫ್ 8ಕ್ಕೆ ಬಹುಪಾಲು ತೊಲಗುತ್ತದೆ.

ಗಜಶಾಲೆಗೆ ಕೊಂಡ ಟಿಕೆಟ್ಟಿನಲ್ಲೇ ಅದೇ ದಿನ ವಿಠ್ಠಲ ದೇವಸ್ಥಾನವನ್ನೂ ನೋಡಬಹುದು. ಟ್ರೈಪಾಡಿಗೆ ಪುರಾತತ್ವ ಇಲಾಖೆಯ ಅನುಮತಿ ಮೊದಲೇ ಪಡೆದಿರಬೇಕು. ಕಲ್ಲಿನ ರಥ ಐವತ್ತರ ನೋಟಿನಲ್ಲಿರುವುದರಿಂದ ಎಲ್ಲರೂ ಅದೇ ಕೋನಕ್ಕೆ ನುಗ್ಗುತ್ತಾರೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಮೇಣ ಹಚ್ಚಿದ ಕಾಗದದ ನೆಗೆಟಿವ್‌ನಲ್ಲಿ ಇದನ್ನು ಸೆರೆಹಿಡಿದಾಗ ರಥದ ಮೇಲೆ ಇಟ್ಟಿಗೆಯ ಶಿಖರವಿತ್ತು, ಈಗಿಲ್ಲ. ಹೊರಗೆ 125ರ ಫಿಲ್ಮಿಗೆ ಎಫ್ 16, 1/125. ಮಂಟಪದ ನೆರಳಂಚಿಗೆ ಎಫ್ 5.6, ಕಂಬಗಳ ಒಳಸಾಲಿಗೆ ಎಫ್ 2.8ರಲ್ಲಿ 1/60. ಕಿತ್ತಳೆ ಫಿಲ್ಟರ್ ಇದ್ದರೆ ಎರಡು ಸ್ಟಾಪ್, ಅಂದರೆ ನಾಲ್ಕು ಪಟ್ಟು ಬೆಳಕು, ಹೆಚ್ಚು ಕೊಡಿ; ಆಕಾಶ ಗಾಢವಾಗಿ ಬಂಡೆ ಬೆಳ್ಳಗೆ ಎದ್ದು ಬರುತ್ತದೆ. ಕಂಬದ ಕೆತ್ತನೆಗೆ ಒಂದು ಮೀಟರಿನಷ್ಟು ಹತ್ತಿರ ಹೋದಾಗ ಫೈಂಡರ್ ಮೋಸ ಮಾಡುತ್ತದೆ. ಅದು ಲೆನ್ಸಿಗಿಂತ ಐದಾರು ಸೆಂ.ಮೀ. ಮೇಲಿದೆ, ಚೌಕಟ್ಟಿಗೆ ಬರುವುದೇ 69 ಸೆಂ.ಮೀ. ಎತ್ತರ. ತಲೆಯ ಮೇಲೆ ಜಾಗ ಬಿಡದಿದ್ದರೆ ಯಾಳಿಯ ಕೋರೆ ಉಳಿದು ಕಿವಿ ಹೋಗುತ್ತದೆ. ಫೈಂಡರಿನಲ್ಲಿ ಓರೆ ಮಾಡುವ ಸೌಲಭ್ಯವಿದ್ದರೆ ಬಳಸಿ, ಮತ್ತೆ ಅನಂತಕ್ಕೆ ತಿರುಗಿಸುವುದನ್ನು ಮರೆಯಬೇಡಿ.

ಸಂಜೆಗೆ ತಳವಾರಘಟ್ಟದಲ್ಲಿ ಹರಿಗೋಲು ಹತ್ತಿ ಆನೆಗುಂದಿಗೆ. ಹರಿಗೋಲು ಸುತ್ತುತ್ತಲೇ ಸಾಗುವುದರಿಂದ ಜೋಡಿಬಿಂಬ ಕೂಡಿಸುವ ಆಸೆ ಬೇಡ, ಎಫ್ 11 ಮತ್ತು 3.7 ಮೀಟರ್ ಸಾಕು. ಇಳಿಬಿಸಿಲಿಗೆ ಮುಖಮಾಡಿದರೆ ಲೆನ್ಸಿನ ಗಾಜಿನ ಒಂದೇ ಪದರದ ಹಳೆಯ ಲೇಪ ಸೋಲುತ್ತದೆ, ಚಿತ್ರ ತೆಳ್ಳಗಾಗುತ್ತದೆ. ಅಂಗೈಯನ್ನು ಲೆನ್ಸಿನ ಮೇಲೆ ನೆರಳಾಗಿ ಹಿಡಿಯಿರಿ. ಫಿಲ್ಮ್ ಮುಗಿದಿದ್ದರೆ ದಡದಲ್ಲಿ ನೆರಳು ನೋಡಿ ಕೂತು, ಶಟರ್ ಗುಂಡಿಯ ಸುತ್ತಲಿನ ಬಳೆ ಒತ್ತಿ ತಿರುಗಿಸಿ ನಿಧಾನಕ್ಕೆ ಸುತ್ತಿ. ಕೈಗೆ ಬಿಗಿ ತಪ್ಪಿದಾಗ ಫಿಲ್ಮ್ ಡಬ್ಬಿ ಸೇರಿರುತ್ತದೆ. ಬಳೆಯನ್ನು ಮೊದಲಿನ ಜಾಗಕ್ಕೆ ತಂದ ಮೇಲೆಯೇ ಹೊಸ ರೋಲ್. ಹಾಕಿದ ಮೇಲೆ ಮುಂದಕ್ಕೆ ಎಳೆಯುವಾಗ ಎಡಗಡೆಯ ಸುತ್ತುವ ಗುಂಡಿ ಹಿಮ್ಮುಖವಾಗಿ ತಿರುಗುತ್ತಿದೆಯೇ ನೋಡಿ. ತಿರುಗದಿದ್ದರೆ ಫಿಲ್ಮ್ ಸುರುಳಿಗೆ ಕಚ್ಚಿಲ್ಲ. ಹಿಂಬಾಗಿಲು ಮತ್ತೆ ಬಿಚ್ಚಿ.